ಮೋಡ ಕಂಡಷ್ಟಕ್ಕೆ ಮಳೆ ತಿಳಿಯಿತೇ?

ಮೋಡ ಏರಿದ್ದನ್ನು ನೋಡಿ ಮಳೆ ಬರುತ್ತದೆ ಎನ್ನುವುದು ಅರಿವೋ, ಬರಿಯ ಊಹೆಯೋ? ನಮ್ಮ ತರ್ಕಶಾಸ್ತ್ರ ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಕೈಗೆತ್ತಿಕೊಂಡಿತ್ತು. ನ್ಯಾಯಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನ, ಕಾರಣದಿಂದ ಕಾರ್ಯವನ್ನು ಅನುಮಾನಿಸುವುದಕ್ಕೆ ಕೊಟ್ಟ ಉದಾಹರಣೆಯೇ ಮೋಡ ಮತ್ತು ಬರಲಿರುವ ಮಳೆ. ಕಾರ್ಯದಿಂದ ಕಾರಣವನ್ನು ತಿಳಿಯುವುದಕ್ಕೆ ಕೊಟ್ಟದ್ದು ಉಕ್ಕಿದ ಹೊಳೆ ಮತ್ತು ಮೇಲೆಲ್ಲೋ ಸುರಿದ ಮಳೆ. ಎದುರಾಳಿಯ ಆಕ್ಷೇಪವೂ ಸೂತ್ರದಲ್ಲೇ ಇದೆ. ನೀರಿಗೆ ತಡೆ ಬಿದ್ದರೂ ಹೊಳೆ ಉಕ್ಕುತ್ತದೆ, ಮಳೆಯ ಗುರುತೆಂದು ನಂಬಿದಂತೆ ಇರುವೆಗಳು ಮೊಟ್ಟೆ ಹೊತ್ತು ಓಡುವುದು ಗೂಡು ಕೆದಕಿದರೂ ಆಗುತ್ತದೆ, ನವಿಲಿದೆ ಎಂದು ತಿಳಿಸುವ ಕೂಗನ್ನು ಮನುಷ್ಯನೂ ಕೂಗಬಲ್ಲ. ಹೀಗಿರುವಾಗ ಅನುಮಾನವನ್ನು ಪ್ರಮಾಣವೆಂದು, ಅಂದರೆ ಅರಿವಿನ ಸಾಧನವೆಂದು, ನಂಬುವುದು ಹೇಗೆ? ನೈಯಾಯಿಕರು ಕೊಟ್ಟ ಉತ್ತರ ಗಟ್ಟಿಯಾದದ್ದು: ತಪ್ಪಿದ್ದು ಹೇತುವನ್ನು, ಅಂದರೆ ಅನುಮಾನಕ್ಕೆ ಆಧಾರವಾದ ಗುರುತನ್ನು, ಕಂಡ ನಮ್ಮ ನೋಟ. ಮಳೆಯ ನೀರು ನೊರೆ, ಎಲೆ, ಕಟ್ಟಿಗೆ ಹೊತ್ತು ರಭಸದಿಂದ ಬರುತ್ತದೆ. ತಡೆಯಿಂದ ನಿಂತು ಏರಿದ ನೀರು ಹಾಗಿರುವುದಿಲ್ಲ. ಹವಾಮಾನ ಮುನ್ಸೂಚನೆ ಸುಳ್ಳಾಯಿತೆಂದು ನಾವಿಂದು ಬೈಯುವಾಗಲೂ ನಡೆಯುತ್ತಿರುವುದು ಇದೇ ವಾದ. ತನ್ನ ಸಂಶಯವನ್ನು ಅಳೆದು ಹೇಳುವ ಮುನ್ಸೂಚನೆ ಪೂರ್ಣ ಅರ್ಥದಲ್ಲಿ ಅರಿವೇ ಹೌದು, ಖಚಿತವಲ್ಲದ ಮಾತ್ರಕ್ಕೆ ಅದು ಕೀಳಾಗುವುದಿಲ್ಲ ಎಂಬುದು ನನ್ನ ನಿಲುವು.

ಮೊದಲು ಹೇತುವನ್ನೇ ನೋಡೋಣ. ‘ಮೋಡ ಆಗಿದೆ’ ಎಂಬುದು ಹೇತುವಾಗಲು ಸಾಲದು. ಜುಲೈನಲ್ಲಿ ಚಳ್ಳಕೆರೆಯ ಬಯಲಿನ ಮೇಲೆ ಇಡೀ ದಿನ ಮೋಡ ಮುಸುಕಿರುತ್ತದೆ. ಆದರೆ ಅವು ಸಹ್ಯಾದ್ರಿಯ ಮೇಲೆ ನೀರಿಳಿಸಿ ಬಂದು, ಪಡುವಣ ಗಾಳಿಗೆ ಪೂರ್ವಕ್ಕೆ ಓಡುವ ತಗ್ಗಿನ ಮೋಡಗಳು. ಹೆಚ್ಚೆಂದರೆ ನಾಲ್ಕು ಹನಿ. ಅದೇ ನೆಲದಲ್ಲಿ ಮೇ ತಿಂಗಳ ಬೆಳಗ್ಗೆ ಆಕಾಶ ಬೋಳಾಗಿದ್ದು, ಮಧ್ಯಾಹ್ನಕ್ಕೆ ರಾಶಿ ಮೋಡ ಎದ್ದು, ಸಂಜೆಗೆ ಹತ್ತು ಹನ್ನೆರಡು ಕಿಲೋಮೀಟರ್ ಎತ್ತರಕ್ಕೆ ಬೆಳೆದು, ನೆತ್ತಿ ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾದರೆ ಗುಡುಗು, ಆಲಿಕಲ್ಲು, ಬಿರುಮಳೆ. ತೀರ ಎತ್ತರದ ಎಳೆ ಮೋಡ ಬರಿಯ ಹಿಮದ ಹರಳು. ಅದರಿಂದ ನೆಲಕ್ಕೆ ಹನಿ ಮುಟ್ಟುವುದಿಲ್ಲ. ಲಂಡನ್ನಿನ ಔಷಧ ತಯಾರಕ ಲ್ಯೂಕ್ ಹೊವಾರ್ಡ್ 1802ರಲ್ಲಿ ಮೋಡಗಳನ್ನು ವರ್ಗ ಮಾಡಿ ಹೆಸರಿಟ್ಟ; ಇಂದು ವಿಶ್ವ ಹವಾಮಾನ ಸಂಸ್ಥೆಯ ಮೋಡದ ಪಟ್ಟಿಯಲ್ಲಿ ಹತ್ತು ಮುಖ್ಯ ಬಗೆಗಳಿವೆ. ನೊರೆಯ ನೀರನ್ನೂ ನಿಂತ ನೀರನ್ನೂ ಬೇರ್ಪಡಿಸಿದ ನೈಯಾಯಿಕನ ಕೆಲಸವೇ ಆಕಾಶದಲ್ಲಿ ಮುಂದುವರಿದಿದೆ.

ಆದರೆ ನೈಯಾಯಿಕರ ಸಮರ್ಥನೆ ಇಲ್ಲಿ ಪೂರ್ತಿ ಸಾಲುವುದಿಲ್ಲ. ಹೇತುವನ್ನು ಎಷ್ಟು ಸೂಕ್ಷ್ಮವಾಗಿ ನೋಡಿದರೂ ತಪ್ಪು ಉಳಿಯುತ್ತದೆಂದು ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಟ್ಸ್ 1963ರ ಪ್ರಬಂಧದಲ್ಲಿ ತೋರಿಸಿಕೊಟ್ಟ: ಆರಂಭದ ಅಳತೆಯಲ್ಲಿನ ಕಿರಿದಾದ ವ್ಯತ್ಯಾಸ ದಿನ ಕಳೆದಂತೆ ಬೆಳೆದು ಇಡೀ ಫಲವನ್ನೇ ಬದಲಿಸಬಹುದು. ಸುಮಾರು ಎರಡು ವಾರದಾಚೆಗೆ ಯಾವ ದಿನ ಮಳೆ ಎಂದು ಹೇಳಲಾಗದಿರುವುದಕ್ಕೆ ಇದೇ ಕಾರಣ. ಇಲ್ಲಿ ಪ್ರತ್ಯಕ್ಷವನ್ನಷ್ಟೇ ಒಪ್ಪಿದ ಚಾರ್ವಾಕರ ಮಾತು ನೆನಪಾಗಬೇಕು. ಜನ ನಡೆದುಕೊಳ್ಳುವುದು ಸಂಭಾವನೆಯ, ಅಂದರೆ ಹೀಗಾಗಬಹುದೆಂಬ ಎಣಿಕೆಯ, ಬಲದಿಂದ, ಅದಕ್ಕೆ ಅನುಮಾನದ ಖಚಿತತೆ ಬೇಕಿಲ್ಲ ಎಂಬ ಅವರ ಪಕ್ಷವನ್ನು ನೈಯಾಯಿಕ ಉದಯನ ತನ್ನ ‘ನ್ಯಾಯಕುಸುಮಾಂಜಲಿ’ಯಲ್ಲಿ ಎತ್ತಿ ಖಂಡಿಸುತ್ತಾನೆ. ಮಳೆಯ ಮಟ್ಟಿಗೆ ಚಾರ್ವಾಕರು ಅರ್ಧ ಗೆದ್ದರೆಂದೇ ನನಗೆ ತೋರುತ್ತದೆ. ಅವರ ಬಳಿ ಇಲ್ಲದಿದ್ದದ್ದು ಸಂಭಾವನೆಯನ್ನು ಅಳೆಯುವ ಕೋಲು.

ಇದಕ್ಕೊಂದು ಬಲವಾದ ಆಕ್ಷೇಪವುಂಟು. ಮಳೆಯ ಸಾಧ್ಯತೆ ಶೇ. 60 ಎಂದವನು ಮಳೆ ಬಂದರೂ ಗೆದ್ದ, ಬರದಿದ್ದರೂ ಗೆದ್ದ. ಎಂದೂ ಸುಳ್ಳಾಗದ ಮಾತಿನಲ್ಲಿ ಅರಿವು ಎಲ್ಲಿದೆ? ಒಂದೇ ದಿನವನ್ನು ಹಿಡಿದರೆ ಆಕ್ಷೇಪ ಸರಿ. ಆದರೆ ಶೇ. 60 ಎಂದ ದಿನಗಳನ್ನೆಲ್ಲ ಒಟ್ಟುಗೂಡಿಸಿ, ನೂರರಲ್ಲಿ ಸುಮಾರು ಅರವತ್ತು ದಿನ ಮಳೆಯಾಯಿತೇ ಎಂದು ಕೇಳಿದರೆ ಆ ಮಾತು ಸುಳ್ಳಾಗಬಲ್ಲದು. ಹವಾಮಾನ ತಜ್ಞ ಗ್ಲೆನ್ ಬ್ರಯರ್ 1950ರಲ್ಲೇ ಈ ಪರೀಕ್ಷೆಗೊಂದು ಲೆಕ್ಕ ಕೊಟ್ಟ. ಇದಕ್ಕೆ ಎದುರಾಗಿ, ವರಾಹಮಿಹಿರನ ‘ಬೃಹತ್ಸಂಹಿತೆ’ ಮೋಡ ಗರ್ಭ ಕಟ್ಟಿದ 195ನೇ ದಿನ ಮಳೆ ಹುಟ್ಟುತ್ತದೆ ಎನ್ನುತ್ತದೆ. ಕೇಳಲು ಎಷ್ಟು ಖಚಿತ! ಆದರೂ ಶೇ. 60 ಎಂಬ ಅಂಜಿಕೆಯ ಮಾತೇ ನನ್ನ ದೃಷ್ಟಿಯಲ್ಲಿ ಹೆಚ್ಚು ಪ್ರಾಮಾಣಿಕ, ಏಕೆಂದರೆ ಅದು ಎಷ್ಟು ತಪ್ಪಬಹುದೆಂದು ಮುಂಚೆಯೇ ಒಪ್ಪಿ ಪರೀಕ್ಷೆಗೆ ನಿಲ್ಲುತ್ತದೆ. ಹವಾಮಾನ ಇಲಾಖೆ ‘ಒಂದೆರಡು ಕಡೆ ಮಳೆ’ ಎಂದಾಗ, ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಶೇ. 25ರಷ್ಟು ಅಥವಾ ಇನ್ನೂ ಕಡಿಮೆ ಕಡೆ ಮಳೆ ಎಂದೇ ಅರ್ಥ. ನಮ್ಮೂರು ಒಣಗಿದ್ದರಿಂದ ಆ ಮಾತು ಸುಳ್ಳಾಗದು.

ಇನ್ನೊಂದು ಆಕ್ಷೇಪ ತರ್ಕದ್ದಲ್ಲ, ಬದುಕಿನದು: ರೈತ ಶೇ. 60ರಷ್ಟು ಬಿತ್ತಲಾರ. ಬಿತ್ತಿದ ಮೇಲೆ ಮಳೆ ಕೈಕೊಟ್ಟರೆ ಬೀಜ, ಗೊಬ್ಬರ, ಸಾಲ ಎಲ್ಲ ಅವನ ತಲೆಯ ಮೇಲೆ. ನಿಜ. ಆದರೆ ಸುಳ್ಳು ಭರವಸೆ ಕೊಟ್ಟರೆ ಈ ಭಾರ ತಗ್ಗುವುದಿಲ್ಲ, ಮುಚ್ಚಿಹೋಗುತ್ತದೆ. ಸಂಶಯ ಎಷ್ಟೆಂದು ಗೊತ್ತಿದ್ದವನು ಅರ್ಧ ಹೊಲ ಬಿತ್ತಿ ಅರ್ಧ ಬೀಜ ಉಳಿಸಿಕೊಳ್ಳಬಲ್ಲ. ತೀರ್ಮಾನ ಅವನ ಕೈಯಲ್ಲೇ ಉಳಿಯುತ್ತದೆ. ಮಳೆಗಾಗಿ ಕಿಗ್ಗದ ಋಷ್ಯಶೃಂಗನಿಗೆ ಹರಕೆ ಹೊರುವವರಿಗೂ ಇದರಿಂದ ಕುಂದಿಲ್ಲ, ನಾಳೆ ಏನೆಂದು ಪೂರ್ತಿ ತಿಳಿದಿದ್ದರೆ ಪ್ರಾರ್ಥನೆಗೆ ಜಾಗವೇ ಇರುತ್ತಿರಲಿಲ್ಲ. ಆದರೆ ಅಳೆದ ಸಂಶಯವನ್ನು ನಂಬಬೇಕಾದರೆ ಅದರ ಲೆಕ್ಕ ಕಣ್ಣಿಗೆ ಕಾಣಬೇಕು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಅಳೆಯುತ್ತಿದೆ. ಹಿಂದೆ ಕೊಟ್ಟ ಮುನ್ಸೂಚನೆ, ನಿಜವಾಗಿ ಬಿದ್ದ ಮಳೆ, ಎರಡನ್ನೂ ಅಕ್ಕಪಕ್ಕ ಇಟ್ಟು ಪ್ರತಿ ಹೋಬಳಿಗೂ ಕನ್ನಡದಲ್ಲಿ ಪ್ರಕಟಿಸಲಿ, ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಲಿ.