ಯಜಮಾನನಿಗೆ ಬದಲಿ ಇಲ್ಲ

ಶಕ್ತಿ ಇಲ್ಲದವನಿಗೆ ಕರ್ತವ್ಯ ಉಂಟೆ? ಜೈಮಿನಿ ಈ ಪ್ರಶ್ನೆಯನ್ನು ಯಜ್ಞವಿಧಿಗಳನ್ನು ಚರ್ಚಿಸುವ ತನ್ನ ಮೀಮಾಂಸಾಸೂತ್ರದ ಆರನೆಯ ಅಧ್ಯಾಯದಲ್ಲಿ ಎತ್ತಿಕೊಳ್ಳುತ್ತಾನೆ. ನಮ್ಮಪ್ಪ ಸಂಸ್ಕೃತ ಪಾಠಶಾಲೆಯ ಮೇಷ್ಟರು. ಊಟಕ್ಕೆ ಕೂತರೂ ಮೀಮಾಂಸೆಯ ಅಧಿಕರಣಗಳದೇ ಮಾತು. ನಾನು ಹೋಗಿ ಸೇರಿದ್ದು ನಗರ ಯೋಜನೆಯ ಕೆಲಸಕ್ಕೆ. ಒಂದು ನಗರಸಭೆಯಿಂದ ಇನ್ನೊಂದಕ್ಕೆ ವರ್ಗವಾಗುತ್ತ ಬಂದವಳಿಗೆ ಇಲಾಖೆಯ ಸುತ್ತೋಲೆಗಳಿಗಿಂತ ಆ ಅಧ್ಯಾಯವೇ ಹೆಚ್ಚು ಒದಗಿತು.

1992ರ 74ನೇ ತಿದ್ದುಪಡಿ ಸಂವಿಧಾನಕ್ಕೆ 12ನೇ ಅನುಸೂಚಿ ಸೇರಿಸಿತು. ಅದರಲ್ಲಿ 18 ಕೆಲಸಗಳು, ಮೊದಲನೆಯದೇ ನಗರ ಯೋಜನೆ. ಆದರೆ ಅವನ್ನು ಊರಿನ ಸಂಸ್ಥೆಗೆ ಕೊಡುವುದೂ ಕೊಡದಿರುವುದೂ ರಾಜ್ಯದ ಇಷ್ಟ. ನಮ್ಮ ಕರ್ನಾಟಕದಲ್ಲಿ ಮಾಸ್ಟರ್ ಪ್ಲಾನ್ ಬರೆಯುವುದು 1961ರ ನಗರ ಯೋಜನಾ ಕಾಯ್ದೆಯಡಿಯ ಯೋಜನಾ ಪ್ರಾಧಿಕಾರ. ಚರಂಡಿ ಉಕ್ಕಿದಾಗ ಬೈಸಿಕೊಳ್ಳುವುದು ನಗರಸಭೆ. ಕೇಳಿದರೆ, ಸಿಬ್ಬಂದಿ ಇಲ್ಲ, ಅನುದಾನ ಇಲ್ಲ ಎಂಬ ಉತ್ತರ ಸಿದ್ಧ. ನಾನೂ ಆ ಉತ್ತರ ಬರೆದು ಕಳಿಸಿದವಳೇ.

ಜೈಮಿನಿ ಇದನ್ನು ಒಪ್ಪುವುದಿಲ್ಲ. ಹಣವಿಲ್ಲದವನನ್ನು ಯಜ್ಞದಿಂದ ಹೊರಗಿಡುವಂತಿಲ್ಲ, ಯಾಕೆಂದರೆ ಹಣ ಸಂಪಾದಿಸಬಹುದಾದದ್ದು. ಅಂಗ ಊನವಾದವನಿಗೂ ಅದೇ ಮಾತು, ವಾಸಿಯಾಗುವ ಊನವಾದರೆ. (ಇದೇ ಅಧ್ಯಾಯ ಶೂದ್ರರಿಗೆ ಬಾಗಿಲು ಹಾಕುತ್ತದೆ, ಹೆಂಗಸನ್ನು ಗಂಡನ ಜೊತೆಗೆ ಮಾತ್ರ ಒಳಗೆ ಬಿಡುತ್ತದೆ. ಬೆಳಗಾಗುವ ಮೊದಲೇ ಪೊರಕೆ ಹಿಡಿದು ಊರಿನ ನಿತ್ಯಕರ್ಮ ನಡೆಸುವವರು ಹಾಗೆ ಹೊರಗಿಡಲ್ಪಟ್ಟವರ ಮೊಮ್ಮಕ್ಕಳೇ. ಹಾಗಾಗಿ ಜೈಮಿನಿಯ ತರ್ಕವನ್ನಷ್ಟೇ ತೆಗೆದುಕೊಂಡಿದ್ದೇನೆ, ಅವನಿಗೆ ಕೈ ಮುಗಿದಿಲ್ಲ.)

ನನಗೆ ಮುಖ್ಯವಾದದ್ದು ಮುಂದಿನ ವಿಚಾರ. ಅಗ್ನಿಹೋತ್ರದಂಥ ನಿತ್ಯಕರ್ಮವನ್ನು ಅದರ ಉಪಕ್ರಿಯೆಗಳಾದ ಅಂಗಗಳು ಪೂರ್ತಿ ಕೂಡಿಬರದಿದ್ದರೂ ಕೈಲಾದಷ್ಟು ಮಾಡಲೇಬೇಕು. ಫಲ ಬಯಸಿ ಮಾಡುವ ಕಾಮ್ಯಕರ್ಮ ಹಾಗಲ್ಲ. ಎಲ್ಲ ಅಂಗವೂ ಕೂಡಿದರೆ ಮಾತ್ರ ಅದಕ್ಕೆ ಕೈಹಾಕಬೇಕು, ಇಲ್ಲವಾದರೆ ಬಿಡಬೇಕು. ಬೆಳೆಯುವ ಊರುಗಳಲ್ಲಿ ನಾವು ಇದನ್ನು ತಿರುವುಮುರುವು ಮಾಡಿದ್ದೇವೆ. ತೆರಿಗೆ ರಿಜಿಸ್ಟರ್, ಮಳೆಗೆ ಮುಂಚೆ ಹೂಳು ತೆಗೆಸುವುದು, ರಾಜಕಾಲುವೆಯ ಗಡಿಕಲ್ಲು ಕಾಯುವುದು, ಲೇಔಟಿಗೆ ಸಹಿ ಹಾಕುವ ಮೊದಲು ಜಾಗಕ್ಕೆ ಹೋಗಿ ನೋಡುವುದು: ಇವು ನಿತ್ಯ. ಇವಕ್ಕೆ ಆಳಿಲ್ಲ ಎಂದು ಬಿಡುತ್ತೇವೆ. ಆಳಿಲ್ಲದೆಯೇ ಕೆರೆದಂಡೆಯ ಕಾರಂಜಿಗೆ ಟೆಂಡರ್ ಕರೆಯುತ್ತೇವೆ.

ನಾನಿದ್ದ ಒಂದು ಊರಿನಲ್ಲಿ ಯಾವ ವಾಲ್ವ್ ತಿರುಗಿಸಿದರೆ ಯಾವ ಬೀದಿಗೆ ನೀರು ಎಂಬುದು ಒಬ್ಬ ನೀರುಗಂಟಿಯ ತಲೆಯಲ್ಲಿ ಮಾತ್ರ ಇತ್ತು. ಆತ ನಿವೃತ್ತನಾದ ಮೇಲೆ ಮೇಲಿನ ಬಡಾವಣೆಯ ನಲ್ಲಿಗಳು ಒಣಗಿದವು, ಪೇಟೆಬೀದಿಯಲ್ಲಿ ನೀರು ಹಳ್ಳವಾಗಿ ಹರಿಯಿತು. ಎಂಜಿನಿಯರು ಬೈಕ್ ಕಳಿಸಿ ಆತನನ್ನು ಮನೆಯಿಂದ ಕರೆಸಿದರು. ಅದೇ ಹೊತ್ತಿಗೆ ಜಿಐಎಸ್ ನಕ್ಷೆಗೆಂದು ಹಣ ಬಂದಿತ್ತು. ಕನ್ಸಲ್ಟೆಂಟ್ ಕಂಪನಿಯವರು ನಕ್ಷೆ ಕೊಟ್ಟರು, ಬಣ್ಣಬಣ್ಣದ್ದು. ಅದರಲ್ಲಿ ಒಂದು ವಾಲ್ವೂ ಇರಲಿಲ್ಲ. ಆಮೇಲೆ ಒಬ್ಬ ಡ್ರಾಫ್ಟ್ಸ್‌ಮನ್ ಆ ನೀರುಗಂಟಿಯ ಹಿಂದೆ ಬೀದಿಬೀದಿ ಅಲೆದು, ಛೇಂಬರ್ ಮುಚ್ಚಳ ಎತ್ತಿಸಿ, ಒಂದೊಂದನ್ನೂ ಗುರುತು ಹಾಕಿಕೊಂಡ. ಸಾಮರ್ಥ್ಯ ವೃದ್ಧಿ ಎಂದು ಕಾರ್ಯಾಗಾರಗಳಲ್ಲಿ ಹೇಳುವಾಗೆಲ್ಲ ನನಗೆ ಕಾಣುವುದು ಆ ಹುಡುಗನ ನೋಟ್‌ಬುಕ್ಕು. ಆಮೇಲೆ ಅವನನ್ನೂ ವರ್ಗ ಮಾಡಿದರು, ಅದು ಬೇರೆ ಕಥೆ.

ಕನ್ಸಲ್ಟೆಂಟರನ್ನು ನಾನು ಬೇಡವೆನ್ನುವುದಿಲ್ಲ. ಯಜ್ಞಕ್ಕೆ ಭತ್ತ ಸಿಗದಿದ್ದರೆ ನೀವಾರ ಎಂಬ ಕಾಡುಧಾನ್ಯ ನಡೆಯುತ್ತದೆ ಎಂದು ಮೀಮಾಂಸಕರೇ ಒಪ್ಪುತ್ತಾರೆ. ಯಜ್ಞ ನಡೆಸಿಕೊಡುವ ಋತ್ವಿಜರನ್ನಂತೂ ದಕ್ಷಿಣೆ ಕೊಟ್ಟೇ ಕರೆಸುವುದು. ಆದರೆ ಯಜಮಾನನಿಗೆ ಪ್ರತಿನಿಧಿ ಇಲ್ಲ; ಇದು ಬೇಕು, ಫಲ ನನ್ನದು ಎನ್ನುವವನು ತಾನೇ ಕೂರಬೇಕು. ಬೆಂಗಳೂರನ್ನೇ ನೋಡಿ: ಅದರ 2031ರ ಮಾಸ್ಟರ್ ಪ್ಲಾನ್ ಕರಡು 2017ರಲ್ಲಿ ಹೊರಬಂತು, 2020ರಲ್ಲಿ ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು. ಹೆಸರಿನಲ್ಲೇ 2015 ಎಂದಿರುವ ಹಳೆಯ ಪ್ಲಾನೇ ಊರನ್ನು ಆಳುತ್ತ ಹೋಯಿತು. ಅದೇ 2020ರ ಸೆಪ್ಟೆಂಬರಿನಲ್ಲಿ ಅಲ್ಲಿನ ಮಹಾನಗರ ಪಾಲಿಕೆ ಬಿಬಿಎಂಪಿಯ ಚುನಾಯಿತ ಸಭೆಯ ಅವಧಿಯೂ ಮುಗಿಯಿತು. ಮತ್ತೆ ಚುನಾವಣೆ ನಡೆಯಲೇ ಇಲ್ಲ, 2025ರಲ್ಲಿ ಬಿಬಿಎಂಪಿಯನ್ನೇ ಐದು ಪಾಲಿಕೆಗಳಾಗಿ ಒಡೆದರು. ಅಷ್ಟು ವರ್ಷ ಋತ್ವಿಜರಿದ್ದರು, ಹೋಮ ನಡೆಯುತ್ತಿತ್ತು, ಯಜಮಾನನ ಮಣೆ ಮಾತ್ರ ಖಾಲಿ. ಚುನಾಯಿತ ಸಭೆಯ ಬದಲು ಕೂರುವ ಆಡಳಿತಾಧಿಕಾರಿ ಎಷ್ಟೇ ದಕ್ಷರಾದರೂ ವರ್ಗದ ಆದೇಶ ಬಂದ ದಿನ ಊರು ಬಿಡುವವರು. 20 ವರ್ಷದ ನಂತರ ನೀರು ಸಿಗದೆ ಪರದಾಡುವವರು ಅವರಲ್ಲ.

ಯಜಮಾನನಿಗೆ ಬದಲಿ ಇಲ್ಲ ಎಂಬುದಕ್ಕೂ ಒಂದು ಅಪವಾದ ಇದೆ: ಸತ್ರ. ಅಲ್ಲಿ ಹಲವರು ಸೇರಿ ಯಜ್ಞ ಮಾಡುತ್ತಾರೆ, ಎಲ್ಲರೂ ಋತ್ವಿಜರು, ಎಲ್ಲರೂ ಯಜಮಾನರು. ನಡುವೆ ಒಬ್ಬ ತೀರಿಕೊಂಡರೆ ಇನ್ನೊಬ್ಬನನ್ನು ಕೂರಿಸಿ ಮುಂದುವರಿಸಬಹುದು. ವಾರ್ಡ್ ಸಮಿತಿಯನ್ನು ನಾನು ಸತ್ರದಂತೆಯೇ ನೋಡುತ್ತೇನೆ: ಅಧಿಕಾರಿ ವರ್ಗವಾದರೂ ಕಾಲುವೆಯ ಗಡಿ ಎಲ್ಲಿದೆ ಎಂದು ಗೊತ್ತಿರುವ ನಾಲ್ಕು ಜನ ಅಲ್ಲೇ ಉಳಿಯುತ್ತಾರೆ. ಸತ್ರದಲ್ಲಿ ದಕ್ಷಿಣೆ ಇಲ್ಲ ಎನ್ನುವುದು ನಿಜ, ಸಮಿತಿಗೆ ಜನ ಸಿಗದಿರುವುದಕ್ಕೆ ಅದೂ ಕಾರಣವಿರಬೇಕು. ಆದರೆ ಸಭೆಯ ನೋಟಿಸನ್ನು ಕಚೇರಿಯ ಫೈಲಿನೊಳಗೇ ಇಟ್ಟುಕೊಂಡು, ಜನ ಬರಲಿಲ್ಲ ಎಂದು ನಡಾವಳಿ ಬರೆಯುವುದನ್ನು ನಾನು ಒಂದಕ್ಕಿಂತ ಹೆಚ್ಚು ಊರಿನಲ್ಲಿ ನೋಡಿದ್ದೇನೆ.