ಹಂದರ ಮತ್ತು ಭರವಸೆ

ಮಲ್ಲಿಗೆ ಬಳ್ಳಿಗೆ ನಾವು ಹಂದರ ಕಟ್ಟಬಲ್ಲೆವು; ಬಳ್ಳಿ ಹಬ್ಬುವವರೆಗೆ ಕಾಯಲೇಬೇಕು. ಮೂತ್ರಕೋಶ, ಶ್ವಾಸನಾಳದಂತಹ ಟೊಳ್ಳು ಅಂಗಗಳನ್ನು ಸರಿಪಡಿಸಲೆತ್ನಿಸುವ ಅಂಗಾಂಶ ತಂತ್ರಜ್ಞಾನದ ತತ್ತ್ವವೂ ಇದೇ. ರೋಗಿಯ ಜೀವಕೋಶಗಳನ್ನೇ ಪ್ರಯೋಗಾಲಯದಲ್ಲಿ ಬೆಳೆಸಿ, ಅಂಗದ ಆಕಾರದ ಹಂದರದ ಮೇಲೆ ಬಿತ್ತುತ್ತಾರೆ. ಕೋಶಗಳು ನೆಲೆಯೂರಿದಂತೆ ಹಂದರ ಕರಗಿಹೋಗಬೇಕೆಂಬುದು ಮೂತ್ರಕೋಶದ ಪ್ರಯೋಗಗಳ ಆಶಯವಾಗಿತ್ತು.

2006ರಲ್ಲಿ ಅಮೆರಿಕದ ವೈದ್ಯ ಆಂಥೊನಿ ಅಟಾಲ ಮತ್ತು ಸಂಗಡಿಗರು, ಹುಟ್ಟಿನಿಂದಲೇ ಬೆನ್ನುಹುರಿಯ ದೋಷವಿದ್ದ 7 ಮಂದಿ ಎಳೆಯರಿಗೆ ಹೀಗೆ ಬೆಳೆಸಿದ ಮೂತ್ರಕೋಶದ ಭಾಗವನ್ನು ಜೋಡಿಸಿದ ವರದಿಯನ್ನು ಪ್ರಕಟಿಸಿದರು. ಅದರ ಹಿಂದೆ ಸರಾಸರಿ 46 ತಿಂಗಳುಗಳ ಕಾಯುವಿಕೆಯಿತ್ತು. ಜಗತ್ತು ಹರ್ಷಿಸಿತು. ಆದರೆ 10 ಮಕ್ಕಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಮತ್ತೊಂದು ಪರೀಕ್ಷೆಯಲ್ಲಿ ನಿರೀಕ್ಷಿಸಿದ ಪ್ರಯೋಜನ ಕಾಣಲಿಲ್ಲ, ತೊಡಕುಗಳೇ ಹೆಚ್ಚಾದವು. ವೈದ್ಯರು ಅದನ್ನೂ ಮುಚ್ಚಿಡದೆ ಬರೆದರು.

ಸ್ವೀಡನ್ನಿನಲ್ಲಿ ನಡೆದುದು ಬೇರೆ. 2011ರಿಂದ ಪಾವೊಲೊ ಮಕಿಯರಿನಿ ಎಂಬ ಶಸ್ತ್ರವೈದ್ಯರು, ರೋಗಿಯ ಕಾಂಡಕೋಶಗಳನ್ನು ಲೇಪಿಸಿದ ಪ್ಲಾಸ್ಟಿಕ್ ಶ್ವಾಸನಾಳವನ್ನು ಸ್ಟಾಕ್‌ಹೋಮಿನಲ್ಲಿ ಮೂವರಿಗೆ ಅಳವಡಿಸಿದರು. ಯಶಸ್ಸಿನ ವರದಿಗಳು ಹೊರಬಂದವು; ರೋಗಿಗಳು ಮಾತ್ರ ನರಳುತ್ತಿದ್ದರು. ಮೂವರೂ ತೀರಿಕೊಂಡರು. ಅದೇ ಆಸ್ಪತ್ರೆಯ ನಾಲ್ವರು ವೈದ್ಯರು 2014ರಲ್ಲಿ ದಾಖಲೆಗಳ ಸಮೇತ ದೂರಿತ್ತರು. 2023ರಲ್ಲಿ ಮೇಲ್ಮನವಿ ನ್ಯಾಯಾಲಯವು, ಈ ಚಿಕಿತ್ಸೆಯಿಲ್ಲದೆಯೂ ಅವರು ಇನ್ನಷ್ಟು ಕಾಲ ಬದುಕಬಹುದಿತ್ತೆಂದು ಹೇಳಿ, ಎರಡೂವರೆ ವರ್ಷಗಳ ಸೆರೆವಾಸ ವಿಧಿಸಿತು.

ಎರಡೂ ಕಡೆ ಸೋಲಿತ್ತು. ಸೋಲು ಪಾಪವಲ್ಲ, ಸೋಲನ್ನು ಗೆಲುವೆಂದು ಸಾರಿ ಮುಂದಿನ ರೋಗಿಯನ್ನು ಅದೇ ಮಂಚಕ್ಕೆ ಕರೆಯುವುದು ಪಾಪ.

“ಏನಾದರೂ ಮಾಡಿ, ಉಳಿಸಿಕೊಡಿ” ಎಂದು ವೈದ್ಯರ ಮುಂದೆ ಕೈಮುಗಿದವರು ನಮ್ಮ ಮನೆಗಳಲ್ಲಿಯೂ ಇದ್ದಾರೆ. ಆ ಮಾತು ಪ್ರೀತಿಯದು. ಆದರೆ ಅದು ಸತ್ಯವನ್ನು ಮರೆಮಾಚಲು ಕೊಟ್ಟ ಅನುಮತಿಯಲ್ಲ. ಸುಳ್ಳು ಭರವಸೆ ಹಣವನ್ನಷ್ಟೇ ಕಸಿಯುವುದಿಲ್ಲ. ಮನೆಯವರೊಡನೆ ನೆಮ್ಮದಿಯಿಂದ ಕಳೆಯಬಹುದಾಗಿದ್ದ ದಿನಗಳನ್ನೂ, ಕ್ಷಮೆ ಕೇಳಿ ವಿದಾಯ ಹೇಳುವ ಅವಕಾಶವನ್ನೂ ಕಸಿಯುತ್ತದೆ.

ಆದುದರಿಂದ ನಿಮ್ಮ ಮನೆಯ ಬಾಗಿಲಿಗೆ ಹೊಸ ಚಿಕಿತ್ಸೆಯೊಂದರ ಮಾತು ಬಂದಾಗ, ವಿನಯದಿಂದ ಎರಡು ಪ್ರಶ್ನೆ ಕೇಳಿರಿ: ಇದನ್ನು ಈವರೆಗೆ ಎಷ್ಟು ಮಂದಿಗೆ ಮಾಡಿದ್ದೀರಿ? ಅವರೆಲ್ಲ ಈಗ ಹೇಗಿದ್ದಾರೆ? ಪ್ರಾಮಾಣಿಕ ವೈದ್ಯರು ಈ ಪ್ರಶ್ನೆಗಳಿಗೆ ಮುನಿಯುವುದಿಲ್ಲ.