ಎಡಗೈಯ ಕಾಯಕ

ಮೈ ನೋಯಿಸಿಕೊಂಡು ಮಾಡಿದ ಕೆಲಸಕ್ಕೆ ಪುಣ್ಯ ಹೆಚ್ಚೇ? ನಮ್ಮ ಕಡೆ ಬಹಳ ಜನ ಹೌದೆಂದೇ ನಂಬಿದ್ದಾರೆ. ಅಂಗೈಯಲ್ಲಿ ಬೊಬ್ಬೆ ಎದ್ದರೂ ತುಟಿ ಬಿಚ್ಚದೆ ದುಡಿದವರು ಶರಣರಂಥವರು, ನೋವೆಂದವರು ಮೈಗಳ್ಳರು. ದಾವಣಗೆರೆಯಲ್ಲಿ ನಾನು ಮದುವೆ ಆಲ್ಬಂ ಡಿಸೈನ್ ಮಾಡುವ ಅಂಗಡಿ ನಡೆಸುತ್ತೇನೆ. ಈ ಕೆಲಸದಲ್ಲಿ ಬೊಬ್ಬೆ ಏಳುವುದಿಲ್ಲ, ಬೆವರು ಸುರಿಯುವುದಿಲ್ಲ. ಹಾಗಾಗಿ ಕೈ ನೋಯುತ್ತದೆ ಎಂದರೆ ನಂಬುವವರು ಕಡಿಮೆ. ನಂಬಿದವರೂ 'ಕಾಯಕ ಅಂದ್ಮೇಲೆ ಇಷ್ಟಾದ್ರೂ ಇರ್ಬೇಕಲ್ಲವ್ವಾ' ಎಂದು ಸಮಾಧಾನ ಹೇಳಿ ಹೋಗುತ್ತಾರೆ. ಆ ಸಮಾಧಾನವನ್ನು ನಾನು ಒಪ್ಪುವುದಿಲ್ಲ.

ನೋವು ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ಹೇಳಬೇಕು. ಮದುಮಗಳ ಜಡೆಯ ಅಂಚನ್ನು ಪೆನ್ ಟೂಲ್‌ನಲ್ಲಿ ಬಿಡಿಸುವಾಗ, ಮುಖದ ಮೇಲಿನ ಕಲೆಗಳನ್ನು ಹೀಲಿಂಗ್ ಬ್ರಷ್‌ನಿಂದ ಒಂದೊಂದಾಗಿ ತೆಗೆಯುವಾಗ, ತೋರುಬೆರಳು ಒಂದೇ ಗುಂಡಿಯನ್ನು ಒತ್ತುತ್ತಲೇ ಇರುತ್ತದೆ. ಮಣಿಕಟ್ಟು ಮೇಲಕ್ಕೆ ಬಾಗಿದ್ದು ಬಾಗಿದಂತೆಯೇ ನಿಂತಿರುತ್ತದೆ. ಮಣಿಕಟ್ಟಿನೊಳಗೆ ಎಲುಬುಗಳ ನಡುವೆ ಒಂದು ಇಕ್ಕಟ್ಟಾದ ದಾರಿ ಇದೆ. ಬೆರಳು ಮಡಿಸುವ ಒಂಬತ್ತು ಸ್ನಾಯುರಜ್ಜುಗಳೂ ಮೀಡಿಯನ್ ಎಂಬ ಒಂದು ನರವೂ ಅದರೊಳಗೇ ಹಾಯಬೇಕು. ಅಲ್ಲಿ ಒತ್ತಡ ಹೆಚ್ಚಿದರೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮುಗುಡುತ್ತವೆ. ಕಿರುಬೆರಳಿಗೆ ಬೇರೆ ನರ, ಅದು ಆರಾಮಾಗಿರುತ್ತದೆ. ನಿದ್ದೆಯಲ್ಲಿ ಮಣಿಕಟ್ಟು ಮಡಿಚಿಕೊಂಡಾಗ ಇನ್ನೂ ಬಿಗಿಯುವುದರಿಂದ ನಡುರಾತ್ರಿ ಕೈ ಜೋಮು ಹಿಡಿದು ಎಚ್ಚರವಾಗುತ್ತದೆ. ಮೂಳೆ ಡಾಕ್ಟರು ರಾತ್ರಿ ಮಣಿಕಟ್ಟು ನೇರವಾಗಿರಲೆಂದು ಒಂದು ಪಟ್ಟಿ ಕೊಟ್ಟರು, ಮೌಸನ್ನು ಸ್ವಲ್ಪ ಕಾಲ ಎಡಗೈಗೆ ಬದಲಾಯಿಸಿ ಎಂದರು.

ಬದಲಾಯಿಸುವುದು ಸುಲಭ. ಕಂಪ್ಯೂಟರಿನ ಸೆಟ್ಟಿಂಗ್ಸ್‌ನಲ್ಲಿ ಗುಂಡಿಗಳನ್ನು ಅದಲುಬದಲು ಮಾಡಿದರೆ ಆಯಿತು. ಮೊದಮೊದಲು ಗೆರೆ ಸೊಟ್ಟ ಬರುತ್ತದೆ, ಆಮೇಲೆ ಕೈ ಪಳಗುತ್ತದೆ. ಒಂದು ಅನುಕೂಲವೂ ಉಂಟು: ಫೋಟೋಶಾಪ್‌ನಲ್ಲಿ ಬ್ರಷ್ ಹಿಗ್ಗಿಸಿ ಕುಗ್ಗಿಸುವ ಚೌಕ ಆವರಣದ ಕೀಗಳು ಕೀಬೋರ್ಡಿನ ಬಲಗಡೆ ಇವೆ. ಮೌಸು ಎಡಕ್ಕೆ ಹೋದರೆ ಬಲಗೈ ತಡಕಾಡದೆ ಅವನ್ನು ಮುಟ್ಟುತ್ತದೆ.

ಅಡ್ಡಿ ಬಂದದ್ದು ಬೇರೆ ಕಡೆಯಿಂದ. ಶಿವಗಣಾರಾಧನೆಗೆ ತೀರಿಹೋದ ಯಜಮಾನರ ಹಳೆಯ ಫೋಟೋ ದೊಡ್ಡದು ಮಾಡಿಸಲು ಬಂದ ಅಜ್ಜಿಯೊಬ್ಬರು ಪಕ್ಕದಲ್ಲೇ ಕೂತು ನೋಡುತ್ತಿದ್ದರು. ಹಣೆಯ ಮೇಲೆ ಮಾಸಿದ್ದ ವಿಭೂತಿಯನ್ನು ನಾನು ತಿದ್ದುವುದಕ್ಕೆ ಹೋದಾಗ ಅವರು ತಡೆದರು. 'ಎಡಗೈಲಿ ಬ್ಯಾಡವ್ವಾ, ನಮ್ಮ ಯಜಮಾನ್ರಿಗೆ ವಿಭೂತಿ ಎಡಗೈಲಿ ಹಚ್ತಾರಾ?' ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಸಂಕಟವಿತ್ತು.

'ಅಜ್ಜೀ, ದಿನಾ ಪೂಜೆ ಮಾಡ್ವಾಗ ಲಿಂಗಪ್ಪನ್ನ ಯಾವ ಕೈ ಮೇಲೆ ಕೂರಿಸ್ಕೊಳ್ತೀರಿ?' ಎಂದು ಕೇಳಿದೆ. ಅವರು ಎಡ ಅಂಗೈಯನ್ನು ಮುಂದೆ ಚಾಚಿ, ಒಂದು ಕ್ಷಣ ಬಿಟ್ಟು, 'ಮಾಡವ್ವಾ' ಎಂದರು.

ನಾನು ಅವರ ಬಾಯಿ ಮುಚ್ಚಿಸಲು ಕೇಳಿದ ಮಾತಲ್ಲ ಅದು. ಇಷ್ಟಲಿಂಗ ಪೂಜೆಯಲ್ಲಿ ಬಲಗೈ ನೀರೆರೆಯುತ್ತದೆ, ವಿಭೂತಿ ಹಚ್ಚುತ್ತದೆ, ಪತ್ರೆ ಏರಿಸುತ್ತದೆ. ಎಡಗೈ ಏನನ್ನೂ ಮಾಡುವಂತೆ ಕಾಣುವುದಿಲ್ಲ, ಆದರೆ ದೇವರು ಕೂರುವುದು ಅದರ ಮೇಲೆ. ಊಟಕ್ಕೆ, ಕೊಡುಕೊಳ್ಳುವುದಕ್ಕೆ ಕೀಳೆಂದು ನಾವು ಹಿಂದೆ ಸರಿಸಿದ ಕೈ ಅದೇ. ಶರಣರು ಮನುಷ್ಯರಲ್ಲಿ ಮೇಲುಕೀಳು ಇಲ್ಲವೆಂದರು. ಅವರ ಪೂಜೆಯನ್ನು ನೋಡಿದರೆ ಒಂದೇ ಮೈಯ ಎರಡು ಕೈಗಳಲ್ಲೂ ಇಲ್ಲವೆಂದೇ ನನಗೆ ತೋರುತ್ತದೆ.

ಇನ್ನೊಂದನ್ನೂ ಆ ಪೂಜೆಯಿಂದ ಕಲಿತೆ. ಅಂಗೈ ಮೇಲಿನ ಲಿಂಗವನ್ನು ಯಾರೂ ಹಿಸುಕಿ ಹಿಡಿಯುವುದಿಲ್ಲ. ಅಂಗೈ ಬಿಚ್ಚಿರುತ್ತದೆ, ಲಿಂಗ ಅದರ ಮೇಲೆ ನಿಲ್ಲುತ್ತದೆ. ಮೌಸನ್ನೋ ನಾವು ಓಡಿಹೋಗುವ ಜೀವಿಯನ್ನು ಹಿಡಿದ ಹಾಗೆ ಹಿಡಿಯುತ್ತೇವೆ. ಕೈಯನ್ನು ಅದರ ಮೇಲೆ ಸುಮ್ಮನೆ ಇಟ್ಟು, ಮಣಿಕಟ್ಟಿನಿಂದ ತಿರುಚದೆ ಮೊಣಕೈಯಿಂದ ಸರಿಸಿದರೆ ಅರ್ಧ ಬಿಗಿ ಬಿಡುತ್ತದೆ. ಮೇಜು ಮೊಣಕೈಯ ಎತ್ತರಕ್ಕಿರಬೇಕು, ಮೌಸು ಕೀಬೋರ್ಡಿಗೆ ಅಂಟಿದಂತಿರಬೇಕು. ಮಣಿಕಟ್ಟಿನ ಕೆಳಗೆ ಮೆತ್ತೆ ಇಟ್ಟು ಅದರ ಮೇಲೆ ಭಾರ ಬಿಡುವುದು ತಪ್ಪು, ಅದು ಒತ್ತುವುದು ಆ ನರವಿರುವ ಜಾಗವನ್ನೇ. ಕೂದಲು, ರೆಪ್ಪೆಯಂಥ ನಾಜೂಕಿನ ಕೆಲಸವನ್ನು ಪೆನ್ ಟ್ಯಾಬ್ಲೆಟ್‌ನಲ್ಲಿ ಬಲಗೈಗೆ ಬಿಟ್ಟಿದ್ದೇನೆ. ಫೋಟೋ ಆರಿಸಿ ಶೀಟಿನಲ್ಲಿ ಜೋಡಿಸುವುದು ಎಡಗೈಯದು.

ಆದರೆ ಕೈ ಬದಲಾದರೆ ಸಾಲದು. ಫಿಸಿಯೋಥೆರಪಿ ಓದುತ್ತಿರುವ ಮಗಳು ಇಟಲಿಯ ವೈದ್ಯ ಬರ್ನಾರ್ಡಿನೋ ರಮಾಜಿನಿಯ ಬಗ್ಗೆ ಹೇಳಿದಳು. ಕಸುಬುಗಳಿಂದ ಬರುವ ರೋಗಗಳ ಮೇಲೆ ಆತ ಬರೆದ ಪುಸ್ತಕ 1700ರಲ್ಲಿ ಮೊದಲು ಅಚ್ಚಾಗಿ 1713ರಲ್ಲಿ ಇನ್ನಷ್ಟು ಬೆಳೆದು ಬಂತು. ಬರಹಗಾರರ ರೋಗಕ್ಕೆ ಆತ ಮೂರು ಕಾರಣ ಕೊಡುತ್ತಾನೆ: ಕೂತೇ ಇರುವುದು, ಕೈಯ ಒಂದೇ ಬಗೆಯ ಚಲನೆ, ತಪ್ಪಾದೀತೆಂಬ ಮನಸ್ಸಿನ ಬಿಗಿ. ದಸ್ತಾವೇಜು ಬರೆಯುವವನೊಬ್ಬನ ಬಲಗೈ ಸೋತಿತು, ಅವನು ಕಷ್ಟಪಟ್ಟು ಎಡಗೈಯಲ್ಲಿ ಬರೆಯಲು ಕಲಿತ, ಸ್ವಲ್ಪ ಕಾಲಕ್ಕೆ ಎಡಗೈಗೂ ಅದೇ ರೋಗ ಬಂತು ಎಂದೂ ಬರೆದಿದ್ದಾನೆ. ಮೂರು ನೂರು ವರ್ಷ ಹಿಂದಿನ ಆ ಮನುಷ್ಯನನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಹೊರೆ ಇಳಿಯದೆ ಹೆಗಲು ಬದಲಾಯಿತು, ಅಷ್ಟೇ.

ನೋವನ್ನು ನುಂಗಬೇಕು ಎನ್ನುವವರು ಶರಣ ನುಲಿಯ ಚಂದಯ್ಯನ ಕಥೆ ಹೇಳುತ್ತಾರೆ. ಆತ ಹುಲ್ಲು ಕೊಯ್ದು, ಹಗ್ಗ ಹೊಸೆದು ಮಾರಿ ದಾಸೋಹ ಮಾಡಿದವನು. ಹುಲ್ಲು ಕೊಯ್ಯುವಾಗ ಕೊರಳ ಲಿಂಗ ಬಿದ್ದರೂ ಎತ್ತಿಕೊಳ್ಳಲಿಲ್ಲ, ಕೆಲಸ ಬಿಡಲಿಲ್ಲ. ಕೊನೆಗೆ ಮಡಿವಾಳ ಮಾಚಯ್ಯ ನಡುವೆ ಬಂದು, ಲಿಂಗವೂ ದುಡಿಯಬೇಕೆಂದಾಯಿತು. ಲಿಂಗಕ್ಕಾಗಿಯೇ ನಿಲ್ಲದ ಕಾಯಕ ಮಣಿಕಟ್ಟಿಗಾಗಿ ನಿಲ್ಲಬೇಕೇ ಎಂಬುದು ಅವರ ವಾದ. ಈ ಕಥೆಯಲ್ಲಿ ನನಗೆ ಕೇಳುವುದು ಬೇರೆ: ಕಾಯಕದಿಂದ ಯಾರಿಗೂ ವಿನಾಯಿತಿ ಇಲ್ಲ, ದೇವರಿಗೂ ಇಲ್ಲ. ಎಷ್ಟು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಆ ಉತ್ತರ ಶರಣೆ ಆಯ್ದಕ್ಕಿ ಲಕ್ಕಮ್ಮನ ಹತ್ತಿರ ಇದೆ. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಗಂಡನೊಂದಿಗೆ ಬಂದವಳು ಅವಳು. ಗಂಡ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಅವಳು ಅದನ್ನು ಅಡುಗೆಮನೆಗೆ ಒಯ್ಯಲಿಲ್ಲ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದಳು. ಮಾರಯ್ಯ ಕದ್ದಿರಲಿಲ್ಲ, ಬಗ್ಗಿ ಆಯ್ದೇ ತಂದಿದ್ದ. ಅಂದರೆ ಮೈಮುರಿದು ಮಾಡಿದ ಕೆಲಸವೇ ಆದರೂ, ಇಂದಿನ ಅಗತ್ಯವನ್ನು ಮೀರಿದ ಮೇಲೆ ಅದು ಅವಳ ಕಣ್ಣಿಗೆ ಕಾಯಕವಾಗಿ ಉಳಿಯಲಿಲ್ಲ. ನೋವಿನಿಂದ ಕಾಯಕವನ್ನು ಅಳೆಯುವವರಿಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಕಂಡಿಲ್ಲ.

ಲಕ್ಕಮ್ಮನಿಗೆ ಅಕ್ಕಿ ಮರಳಿಸುವ ಸ್ವಾತಂತ್ರ್ಯವಿತ್ತು. ನನ್ನ ಅಂಗಡಿಯ ಹುಡುಗರಿಗೆ ಅದು ಇದೆಯೇ? ನಮ್ಮ ಕಸುಬಿನಲ್ಲಿ ಶೀಟಿಗೆ ಇಷ್ಟು ಎಂದು ಕೂಲಿ. ವೈಶಾಖದ ಲಗ್ನಗಳು ಒಟ್ಟಿಗೆ ಬಂದಾಗ ಹುಡುಗರು ರಾತ್ರಿಯೆಲ್ಲ ಕೂರುವುದು ಆಸೆಗಲ್ಲ, ಮನೆ ಬಾಡಿಗೆಗೆ. ಅಂಥವರಿಗೆ ಸಾಕು ಎನ್ನುವುದನ್ನು ಕಲಿಸಲು ಹೊರಡುವುದು ಅನ್ಯಾಯ. ಹೆಚ್ಚಿನದನ್ನು ಮರಳಿಸಬೇಕಾದವರು ಕೆಲಸ ಒಪ್ಪಿಕೊಳ್ಳುವವರು, ಅಂದರೆ ನಾನು. ಅದಕ್ಕೇ ಇಬ್ಬರು ಹುಡುಗರಿಗೂ ತಿಂಗಳ ಸಂಬಳ ಗೊತ್ತು ಮಾಡಿದ್ದೇನೆ. ಆಲ್ಬಂ ಬೇಗ ಬೇಕೆನ್ನುವ ಬೀಗರಿಗೆ, ಲಗ್ನದ ತಿಂಗಳಲ್ಲಿ ತಡವಾಗುತ್ತದೆ, ಒಪ್ಪಿದರೆ ಮಾತ್ರ ಮುಂಗಡ ಕೊಡಿ ಎನ್ನುತ್ತೇನೆ. ಕೆಲವರು ಬೇರೆ ಅಂಗಡಿಗೆ ಹೋಗುತ್ತಾರೆ. ಹೋಗಲಿ, ಆದರೆ ಅಲ್ಲಿ ಕೂತಿರುವ ಹುಡುಗನ ಕೈಯೂ ಕೈಯೇ ಎಂಬ ಚಿಂತೆಯೊಂದು ಉಳಿಯುತ್ತದೆ. ಅದಕ್ಕೆ ಈ ಸಲ ಫೋಟೋಗ್ರಾಫರುಗಳ ಸಂಘದ ಸಭೆಯಲ್ಲಿ ಶೀಟಿನ ಕೂಲಿಯ ಮಾತನ್ನು ಎತ್ತುವವಳಿದ್ದೇನೆ.